ಕಾರವಾರಕ್ಕೆ ಹೋಗಿ ಬಂದ ಟ್ರಂಕು

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಐವತ್ತರ ದಶಕ ಅರ್ಧ ಮುಗಿದಿತ್ತೋ ಇಲ್ಲವೋ. ಟ್ರಂಕಿನ ಬಣ್ಣ ಹಸಿರು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಅದು ಸಮುದ್ರದವರೆಗೆ ಹೋದದ್ದಂತೂ ನಿಜ.

ರಾಮದುರ್ಗದಿಂದ ಸವದತ್ತಿ ದಾಟಿ ಬಂದ ರಸ್ತೆ ಬೈಲಹೊಂಗಲದಲ್ಲಿ ನಮ್ಮ ಓಣಿಯ ಬಾಯಿಗೆ ತಾಗಿ, ಕಿತ್ತೂರು ಹಾದು, ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತಿತ್ತು. ನನಗೆ ಬೇಕಾದದ್ದು ಕಿತ್ತೂರಿನವರೆಗಿನ ತುಂಡು ಮಾತ್ರ. ಅಲ್ಲಿ ಬಸ್ಸು ಬದಲಿಸಿದರೆ ಧಾರವಾಡ, ಧಾರವಾಡದಲ್ಲಿ ಕಾಲೇಜು. ನಾನು ಮೆಟ್ರಿಕ್ ಪಾಸಾಗಿದ್ದೆ. ಹೆಸರು ಹಚ್ಚಲು ಗುರುವಾರ ಕಡೆಯ ದಿನ.

ಸಾಲಿ ಮಾಸ್ತರರಾದ ಅಪ್ಪನಿಗೆ ರಜೆ ಸಿಕ್ಕಿದ್ದು ಬುಧವಾರ. ಪಂಚಾಂಗದಲ್ಲಿ ಒಳ್ಳೆಯ ಗಳಿಗೆ ಇದ್ದದ್ದು ಸೋಮವಾರ. ಹೀಗಾದಾಗ ನಮ್ಮಲ್ಲಿ ಪ್ರಸ್ಥಾನ ಇಡುತ್ತಿದ್ದರು. ಒಳ್ಳೆಯ ಗಳಿಗೆಗೆ ಗಂಟನ್ನು ಮನೆಯಿಂದ ಹೊರಡಿಸಿ ದಾರಿಯಲ್ಲಿ ಯಾರ ಬಳಿಯಾದರೂ ಇಟ್ಟರಾಯಿತು, ಮನುಷ್ಯರು ಆಮೇಲೆ ಹೋಗಬಹುದು. ಸೋಮವಾರ ಬೆಳಿಗ್ಗೆ ಅತ್ಯಾ, ಅಂದರೆ ಅಪ್ಪನ ಅಕ್ಕ, ನನ್ನ ಟ್ರಂಕನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಟ್ಟು ಬಂದಳು. ನನ್ನ ಮಾರ್ಕ್ಸ್ ಕಾರ್ಡು ಅದರೊಳಗೇ ಇತ್ತು.

ಮಂಗಳವಾರ ಸಂಜೆ ಅಪ್ಪನ ಮನಸ್ಸು ತಿರುಗಿತು. "ಹುಡುಗಿಗೆ ಮೆಟ್ರಿಕ್ ಸಾಕು," ಎಂದು, ಪ್ರಸ್ಥಾನ ಇಟ್ಟದ್ದನ್ನು ಮನೆಗೆ ಹೊಳ್ಳಿ ತರಬಾರದೆಂಬ ಮಾತನ್ನೂ ಬದಿಗಿಟ್ಟು ಚಹಾದಂಗಡಿಗೆ ಹೊರಟರು. ನಾನೂ ಹಿಂದೆಯೇ ಹೋದೆ.

ಅಂಗಡಿಯವ ಚಹಾ ಸೋಸುತ್ತಲೇ ಹೇಳಿದ: "ನಿನ್ನೆನ ಕಾರವಾರದ ಬಸ್ಸಿಗೆ ಏರಿಸೇನ್ರಿ ಮಾಸ್ತರ."

"ಏರಸು ಅಂತ ಯಾರು ಹೇಳಿದ್ರೋ?"

"ಅದನ್ನ ಅಕ್ಕಾರಿಗೆ ಕೇಳ್ರಿ. ಬರೂ ಮುಂದ ಬಸ್ಸು ಕಿತ್ತೂರಿಂದ ಬೆಳಗಾಂವಿಗೆ ಹೊಳ್ಳತೈತಿ. ನಾಳೆ ಮಧ್ಯಾಹ್ನ ಕಿತ್ತೂರಾಗ ನಿಂತು ಹಿಡೀರಿ."

ಮನೆಗೆ ಬಂದು ಕೇಳಿದರೆ ಅತ್ಯಾ, "ಪ್ರಸ್ಥಾನ ಅಂದ್ರ ಚಹಾದಂವಗ ಏನು ತಿಳೀಬೇಕು? ಬಸ್ಸು ಬಂತು, ಏರಿಸ್ಯಾನ," ಎಂದಳು.

ಬುಧವಾರ ಅಪ್ಪ ಒಬ್ಬರೇ ಹೊರಟಿದ್ದರು. ಅತ್ಯಾ ಇಬ್ಬರಿಗೆ ಬುತ್ತಿ ಕಟ್ಟಿದ್ದಳು.

"ಅಕೀನ್ನೂ ಕರಕೊಂಡು ಹೋಗೋ ತಮ್ಮಾ. ಹತ್ತು ಟ್ರಂಕಿನ್ಯಾಗ ಅಕಿದು ಯಾವುದಂತ ನಿನಗ ಗೊತ್ತಾಗತದ? ನಿನ್ನ ಚಷ್ಮಾನ ನಿನಗ ಸಿಗೂದಿಲ್ಲ."

ಕಿತ್ತೂರಿಗೆ ಬಂದ ಬಸ್ಸಿನ ಮೇಲೆ ನನ್ನ ಟ್ರಂಕು ಒಣಮೀನಿನ ಬುಟ್ಟಿಗಳ ನಡುವೆ ಕುಳಿತಿತ್ತು. ಇಳಿಸಿಕೊಡುತ್ತ ಡ್ರೈವರ್, "ನಿಮ್ಮ ಪೆಟ್ಟಿಗಿ ಸಮುದ್ರ ನೋಡಿ ಬಂತ್ರಿ ಮಾಸ್ತರ. ನೀವು ನೋಡೀರೇನು?" ಎಂದ. ಅಪ್ಪ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡರು.

ಬೈಲಹೊಂಗಲದ ಬಸ್ಸು, ಧಾರವಾಡದ ಬಸ್ಸು ಎರಡೂ ಅಲ್ಲೇ ನಿಂತಿದ್ದವೆಂದು ನೆನಪು. ಅಷ್ಟು ಅನುಕೂಲವಾಗಿ ನಿಂತಿದ್ದವೇ ಎಂದು ಈಗ ಅನುಮಾನ. ನಾನು ಆಡಿದ ಮಾತಿನ ಬಗ್ಗೆ ಅನುಮಾನವಿಲ್ಲ.

"ಅಪ್ಪಾ, ಇದು ಒಳ್ಳೆ ಗಳಿಗಿಗೆ ಮನಿ ಬಿಟ್ಟದ್ದು. ಹೊಳ್ಳಿ ಒಯ್ದ್ರ ನಡೀತದೇನು? ನಾಳೆ ಕಡೇ ದಿನ."

ಅವರು ಟ್ರಂಕನ್ನು ಎತ್ತಿಕೊಂಡರು. "ಮೀನಿನ ನಾತ ಮನಿಗೆ ಒಯ್ದ್ರ ನಿಮ್ಮ ಅತ್ಯಾ ನನ್ನೂ ಹೊರಗ ನಿಲ್ಲಸ್ತಾಳ," ಎಂದು ಧಾರವಾಡದ ಬಸ್ಸು ಹತ್ತಿದರು.

ಮರುದಿನ ಕಾಲೇಜಿನ ಗುಮಾಸ್ತರು ನನ್ನ ಮಾರ್ಕ್ಸ್ ಕಾರ್ಡನ್ನು ಮೂಗಿನಿಂದ ದೂರ ಹಿಡಿದು ಓದಿ, ಹೆಸರು ಬರೆದುಕೊಂಡರು.

ದೀಪಾವಳಿಗೆ ಊರಿಗೆ ಹೋದಾಗ ಅತ್ಯಾಳನ್ನು ಕೇಳಿದೆ. ಹೂಬತ್ತಿ ಹೊಸೆಯುತ್ತಿದ್ದವಳು ಇನ್ನಷ್ಟು ಅರಳೆ ತಾ ಎಂದಳು. ಮುಂದೆ ಎಷ್ಟು ಸಲ ಕೇಳಿದರೂ ಅವಳಿಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು. ಕೇಳಿದ್ದು ಇಷ್ಟೇ: "ಅತ್ಯಾ, ಆ ಸೋಮವಾರ ಚಹಾದಂವಗ ಟ್ರಂಕು ಇಟಗೋ ಅಂದಿದ್ದೆಯೋ, ಏರಸು ಅಂದಿದ್ದೆಯೋ?"