ಭರಮಪ್ಪನ ಅಂಗೈ ಮತ್ತು ಗುಜರಿಯ ಗೇರ್‌ಬಾಕ್ಸ್

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹುಟ್ಟಿದ್ದು ಯಾವ ಊರಲ್ಲೋ ಗೊತ್ತಿಲ್ಲ. ಅರವತ್ಮೂರರ ಬೇಸಿಗೆಯಲ್ಲಿ ಮಾತ್ರ ಅದು ಇಚಲಕರಂಜಿಯಲ್ಲಿ ಠಿಕಾಣಿ ಹೂಡಿತ್ತು. ಗಡಹಿಂಗ್ಲಜದ ಪೇಟೆಗೆ ಸೀರೆಯ ಗಂಟು ಹೇರಿಕೊಂಡು ಹೊರಟ ಲಾರಿಯ ಗೇರ್‌ಬಾಕ್ಸ್ ತವಂದಿ ಘಾಟಿನ ಏರಿನಲ್ಲಿ ಮುರಿದು ಬಿತ್ತು. ಬರೆ ಬಿದ್ದದ್ದು ಅದನ್ನು ಓಡಿಸುತ್ತಿದ್ದ ಭರಮಪ್ಪನಿಗೆ.

ಲಾರಿಯ ಮಾಲೀಕರು ನಾಮದೇವರಾಯರು, ಸೀರೆ ವ್ಯಾಪಾರಿ. ಅಂಗಡಿಯ ಮುಂದೆ ನಾಲ್ಕು ಜನರೆದುರು ಕೂಗಾಡಿದರು: "ಗೇರ್ ಕರಕರ ಅನ್ನೂದು ಊರಿಗೆಲ್ಲಾ ಕೇಳತದ, ನಿನಗೊಬ್ಬವಗ ಕೇಳಂಗಿಲ್ಲ. ಕಿವುಡನ ಕೈಯಾಗ ಗಾಡಿ ಕೊಟ್ಟದ್ದು ನನ್ನ ತಪ್ಪು!"

ಹದಿನೈದು ದಿನದ ಹಿಂದೆಯೇ ಭರಮಪ್ಪ ಹೇಳಿದ್ದ: "ಮಾಲಕ್ರ, ಗೇರಿನ ದಾಂಡು ಕೈಯಾಗ ಜುಮ್ ಅನ್ನಾಕತ್ತೈತ್ರಿ. ಒಮ್ಮಿ ಬಿಚ್ಚಿ ನೋಡೂಣು." ಯುಗಾದಿಯ ಪಾಡವಾ ಹಬ್ಬ ಮುಗಿಯಲಿ ಎಂದು ತಳ್ಳಿಹಾಕಿದವರು ರಾಯರೇ. ಈಗ ಅವರಿಗೆ ಹಬ್ಬ ನೆನಪಿತ್ತು, ಅವನ ಮಾತು ನೆನಪಿರಲಿಲ್ಲ. ದೊಡ್ಡವರ ಮರೆವು ಯಾವಾಗಲೂ ಹೀಗೆ ಅವರ ಅನುಕೂಲಕ್ಕೇ ಬರುತ್ತದೆ.

ಭರಮಪ್ಪನ ಕಿವಿ ಮಂದವಾಗಿದ್ದುದು ಸುಳ್ಳಲ್ಲ. ಚಿಕ್ಕೋಡಿ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಕಬನೂರಿನ ಮಗ್ಗದ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದವನು. ಇಪ್ಪತ್ತನಾಲ್ಕು ಮಗ್ಗ ಒಂದೇ ತಗಡಿನ ಕೆಳಗೆ ಬಡಿದುಕೊಳ್ಳುವಾಗ ಅಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ಆಚೆ ಸಾಲಿನವನ ತುಟಿ ನೋಡಿ ಮಾತು ತಿಳಿಯಬೇಕು, ಮಗ್ಗದ ಮೇಲೆ ಅಂಗೈಯಿಟ್ಟು ಅದರ ರೋಗ ತಿಳಿಯಬೇಕು. ಎದೆಯಲ್ಲಿ ಹತ್ತಿಯ ದೂಳು ತುಂಬಿ ಕೆಮ್ಮು ಹಿಡಿದಾಗ ಡ್ರೈವಿಂಗ್ ಕಲಿತು ಹೊರಬಿದ್ದ. ನಾಲ್ಕು ವರ್ಷದಲ್ಲಿ ಒಂದು ಕೋಳಿಯ ಮೇಲೂ ಗಾಡಿ ಹಾಯಿಸಿರಲಿಲ್ಲ. ಕೆಮ್ಮೂ ಹೋಗಿತ್ತು.

"ಬ್ಯಾರೆ ಗೇರ್‌ಬಾಕ್ಸ್ ತಂದು ಕೂಡಿಸ್ರಿ," ಎಂದರು ರಾಯರು. "ಅದೂ ಮುರೀತಂದ್ರ ನೀ ತಿರುಗಿ ಮಗ್ಗಕ್ಕ ಹೋಗು."

ಮಿಲಿಟರಿಯವರು ಹರಾಜು ಹಾಕಿದ್ದ ಹಳೇ ಲಾರಿ ಅದು. ಹೊಸ ಗೇರ್‌ಬಾಕ್ಸ್ ಎಲ್ಲಿಯೂ ಸಿಗುವಂತಿರಲಿಲ್ಲ, ಕೊಲ್ಲಾಪುರದ ಗುಜರಿಯೇ ಗತಿ. ಆರಿಸುವುದಕ್ಕೆ ರಾಯರು ಕಳಿಸಿದ್ದು ಗಾಡಿ ರಿಪೇರಿಯ ಮಿಸ್ತ್ರಿ ಜಿನಗೊಂಡನನ್ನು. ಭರಮಪ್ಪ ಹೋದದ್ದು ಹೊರುವುದಕ್ಕೆ. ಆದರೂ ಅವನು ಹಳೆಯದರ ಬೋಲ್ಟಿನ ತೂತುಗಳ ಅಳತೆಯನ್ನು ಒಂದು ಹುರಿಯಲ್ಲಿ ಗಂಟು ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದ. ಮಿಸ್ತ್ರಿ ಅಳತೆಯನ್ನೇ ತಂದಿರಲಿಲ್ಲ.

ಗುಜರಿಯ ಧೊಂಡಿಬಾ ಮೂರು ಗೇರ್‌ಬಾಕ್ಸ್ ತೋರಿಸಿದ. ಹುರಿ ಹಿಡಿದು ನೋಡಿದರೆ ಒಂದರ ತೂತು ಬೆರಳಗಲ ಆಚೆ. ಉಳಿದದ್ದು ಎರಡು. ಒಂದು ಹೊಸ ಬಣ್ಣ ಹಚ್ಚಿಕೊಂಡು ಮದುಮಗನ ಹಾಗೆ ಕೂತಿತ್ತು. ಇನ್ನೊಂದಕ್ಕೆ ಮೈತುಂಬ ತುಕ್ಕು. ಜಿನಗೊಂಡ ಬಣ್ಣದ್ದರ ಮೇಲೆ ಸ್ಕ್ರೂಡ್ರೈವರ್ ಊರಿ ಹಿಡಿಕೆಗೆ ಕಿವಿ ಹಚ್ಚಿದ. ಧೊಂಡಿಬಾ ಶಾಫ್ಟ್ ತಿರುಗಿಸಿದ. ಒಂದಿಷ್ಟೂ ಸಪ್ಪಳವಿಲ್ಲ. ತುಕ್ಕಿನದು ತಿರುಗಿಸಿದರೆ ಕರ್ರೋ ಎಂದಿತು.

"ಇದs ನೋಡ್ರಿ ಮಾಲ, ಬೆಣ್ಣಿಯಾಗಿನ ಕೂದಲ ಎಳದಂಗ ಐತಿ," ಎಂದ ಜಿನಗೊಂಡ, ಬಣ್ಣದ್ದನ್ನು ತಟ್ಟಿ.

ಭರಮಪ್ಪ ಅದರ ಮೇಲೆ ಅಂಗೈಯಿಟ್ಟು ತಾನೇ ಶಾಫ್ಟ್ ತಿರುವಿದ. ಸುತ್ತಿಗೊಮ್ಮೆ, ಒಂದೇ ಜಾಗದಲ್ಲಿ, ಸಣ್ಣಗೆ ಟಕ್ ಎಂದು ಅಂಗೈಗೆ ತಾಕಿತು. "ಬ್ಯಾಡ್ರಿ ಮಿಸ್ತ್ರಿ. ಇದರೊಳಗ ಹಲ್ಲ ಮುರದಾವ. ತುಕ್ಕಿಂದು ಎಣ್ಣಿ ಇಲ್ಲದ ಒಣಗಿ ಒದರತೈತಿ ಅಷ್ಟs, ಹಲ್ಲೆಲ್ಲಾ ಒಂದ ಸಮ ಅದಾವು."

"ಕಿವಿ ಇದ್ದವಗs ಕೇಳವಲ್ದು, ಇಲ್ಲದವಗ ಕೇಳಿತಂತ!" ಜಿನಗೊಂಡ ನಕ್ಕ. ಧೊಂಡಿಬಾನೂ ನಕ್ಕ.

"ಮುಚ್ಚಳ ತಗೀರಿ."

"ಅರೇ ಬಾಬಾ, ಖರೇದಿ ಆಗೂತನಕ ಇಲ್ಲಿ ಮುಚ್ಚಳ ತಗಿಯೂ ಪದ್ಧತಿ ಇಲ್ಲ," ಎಂದ ಧೊಂಡಿಬಾ.

ಭರಮಪ್ಪನ ಸಿಟ್ಟು ನೆತ್ತಿಗೇರಿತು. ಹನ್ನೆರಡು ವರ್ಷದ ದೂಳು, ನಾಲ್ಕು ಜನರೆದುರಿನ ಬೈಗುಳ, ಈಗ ಇವರಿಬ್ಬರ ಹಲ್ಲುಕಿರಿತ. ಮಿಸ್ತ್ರಿಯ ಚೀಲದಿಂದ ಪಾನಾ ಕಿತ್ತುಕೊಂಡು ಕೂತ. ಧೊಂಡಿಬಾ ಹಿಂದೆ ನಿಂತು ಏನೇನು ಬೈದನೋ, ಮುಖ ಕಾಣದ್ದರಿಂದ ಅದೆಲ್ಲ ದಂಡವಾಯಿತು. ಆರು ಬೋಲ್ಟ್ ಬಿಚ್ಚಿ ಮುಚ್ಚಳ ಎತ್ತಿದರೆ ಒಳಗೆ ಗ್ರೀಸಿನಲ್ಲಿ ಮರದ ಹೊಟ್ಟು ಕಲಸಿ ಗಟ್ಟಿಯಾಗಿ ತುಂಬಿದ್ದರು. ಸಪ್ಪಳದ ಬಾಯಿ ಕಟ್ಟುವ ಉಪಾಯ. ಅವನು ಕೈಹಾಕಿ ಕಲಕಿ ಮುರಿದ ಹಲ್ಲಿನ ಚೂರೊಂದನ್ನು ಹೊರತೆಗೆದ. ಧೊಂಡಿಬಾನ ಬೈಗುಳ ನಿಂತಿತು. ಜಿನಗೊಂಡ ಬೀಡಿ ಹಚ್ಚಿ ರಸ್ತೆ ನೋಡತೊಡಗಿದ.

ತುಕ್ಕಿನದನ್ನೇ ತಂದರು. ತೊಳೆದು ಎಣ್ಣೆ ಹಾಕಿ ಕೂಡಿಸಿದ ಮೇಲೆ ಭರಮಪ್ಪ ಗಂಟು ಹೇರಿಕೊಂಡು ತವಂದಿ ಘಾಟು ಏರಿ, ಗಡಹಿಂಗ್ಲಜದಲ್ಲಿ ಇಳಿಸಿ, ಮರುದಿನ ವಾಪಸು ಬಂದ. ದಾಂಡು ಅಂಗೈಯೊಳಗೆ ತಣ್ಣಗಿತ್ತು. ಇನ್ನಾದರೂ ರಾಯರು ಒಂದು ಒಳ್ಳೆಯ ಮಾತು ಆಡಿಯಾರು ಎಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟೇ ಕೂತ.

ರಾಯರೂ ಜಿನಗೊಂಡನೂ ಲಾರಿಯ ಮುಂದೆ ನಿಂತು ಮಾತಾಡುತ್ತಿದ್ದರು. ಇಂಜಿನ್ನಿನ ಅಬ್ಬರದಲ್ಲಿ ಕಿವುಡನಿಗೇನು ಕೇಳೀತು ಎಂಬ ಧೈರ್ಯ ಅವರದು. ರಾಯರು ಸೀರೆ ಮಾರಿದವರೇ ಹೊರತು ಮಗ್ಗದ ಮುಂದೆ ಒಂದು ದಿನವೂ ನಿಂತವರಲ್ಲ. ಗಾಜಿನಾಚೆ ಎರಡು ಜೋಡಿ ತುಟಿಗಳು ಭರಮಪ್ಪನಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಕೈ ಕೆಸರಾದದ್ದು ಭರಮಪ್ಪನದು, ಬಾಯಿ ಮೊಸರಾದದ್ದು ಜಿನಗೊಂಡನದು.

ಭರಮಪ್ಪ ಇಂಜಿನ್ ಬಂದ್ ಮಾಡಿ ಇಳಿದ. ಮಗ್ಗದವರ ಗಂಟಲು ಅದು, ಓಣಿಗೆಲ್ಲ ಕೇಳಿತು.

"ಮಾಲಕ್ರ, 'ಖರೇ ಕಿವಿ ಅಂದ್ರ ನಿಂದು ಜಿನಗೊಂಡ' ಅಂದ್ರಿ. 'ಅವಾ ಬಣ್ಣದ್ದನ್ನs ತಗೋಳೂಣು ಅಂತಿದ್ದ, ನಾನs ಬ್ಯಾಡಂದೆ' ಅಂತ ಈ ಮಿಸ್ತ್ರಿ ಅಂದ್ರು. 'ಮಳಿಗಾಲ ಹಿಡಿಯೂತನಕ ಇರ್ಲಿ, ಆಮ್ಯಾಲ ಬ್ಯಾರೆ ಡ್ರೈವರ್ ನೋಡೂಣು, ಅವಗ ಈಗ ಹೇಳಬ್ಯಾಡ' ಅಂದ್ರಿ ನೀವು. ಹೌದಿಲ್ರಿ?"

ಗುಜರಿಯಿಂದ ತಂದಿದ್ದ ಹಲ್ಲಿನ ಚೂರನ್ನು ಜೇಬಿನಿಂದ ತೆಗೆದು ಜಿನಗೊಂಡನ ಅಂಗೈಯಲ್ಲಿಟ್ಟ. "ಇದನ್ನ ನಿಮ್ಮ ಕಿವಿ ಯಾಕ ಕೇಳಲಿಲ್ರಿ ಮಿಸ್ತ್ರಿ?"

ರಾಯರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ತಪ್ಪಾಯಿತು ಎನ್ನುವ ಮಾತು ಅವರ ಬಾಯಿಗೆ ರೂಢಿಯಿರಲಿಲ್ಲ. "ಗಂಟ ಹೇರಾಕ ಹಚ್ಚು. ಗಡಹಿಂಗ್ಲಜದವ್ರು ಕಾಯಾಕತ್ಯಾರ," ಎಂದರು.

ಮಳೆಗಾಲ ಹಿಡಿಯಿತು. ಬೇರೆ ಡ್ರೈವರ್ ಬರಲಿಲ್ಲ. ಮುಂದೆ ಐದು ವರ್ಷ ಆ ಲಾರಿಯನ್ನು ಭರಮಪ್ಪನೇ ಓಡಿಸಿದ. ಆದರೆ ಅಂದಿನಿಂದ ನಾಮದೇವರಾಯರು ಅವನ ವಿಷಯ ಏನಾದರೂ ಮಾತಾಡುವುದಿದ್ದರೆ, ಮೊದಲು ಅವನಿಗೆ ಬೆನ್ನು ತಿರುಗಿಸಿ ನಿಂತು ಆಮೇಲೆ ಮಾತಾಡುತ್ತಿದ್ದರು.