ದೋಣಿಯಲ್ಲಿ ‘ಬಿಡಿ’ ಅಂದರೆ

ಭಾನುವಾರ ನಾನೂ ನಮ್ಮ ಮನೆಯವರೂ ದೋಣಿ ರೇಸಿಗೆ ಹೋಗುತ್ತೇವೆ ಅಂದಾಗ ನನ್ನ ನಾದಿನಿ ಫೋನಿನಲ್ಲಿ ಬಹಳ ಹೊತ್ತು ನಕ್ಕಳು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ ನೋಡಿ ಅತ್ತಿಗೆ” ಅಂದಳು. ಮಾದನಾಯಕನಹಳ್ಳಿಯಲ್ಲಿ ಬಾಡಿಗೆ ಮನೆ, ಅವರಿಗೆ ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸ, ನನಗೆ ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್ ಕೆಲಸ. ಇಂಥವರಿಗೆ ಹಾಯಿದೋಣಿ ಯಾಕೆ ಅನ್ನುವುದು ಅವಳ ಪ್ರಶ್ನೆ. ನಾನು ಕೇಳಿಸಿಕೊಂಡು ಸುಮ್ಮನಿರುವ ಜಾಯಮಾನದವಳಲ್ಲ. “ನಿಮ್ಮನೆಯವ್ರು ಭಾನುವಾರ ಎಲ್ಲಿ ಕೂತಿರ್ತಾರೆ ಅಂತ ಇಡೀ ಬೀದಿಗೆ ಗೊತ್ತು. ನಾವು ನೀರಲ್ಲಾದ್ರೂ ಇರ್ತೀವಿ” ಅಂದು ಫೋನಿಟ್ಟೆ.

ಕ್ಲಬ್ಬು ಅಂದ ಕೂಡಲೇ ಬಿಳಿ ಟೋಪಿ, ಬಿಳಿ ಷೂ ಅಂದುಕೊಳ್ಳಬೇಡಿ. ತುಮಕೂರು ರಸ್ತೆಯ ಗೋದಾಮುಗಳನ್ನು ದಾಟಿ ಒಳಕ್ಕೆ ಹೋದರೆ ಒಂದು ಕೆರೆ. ದಂಡೆಯ ಮೇಲೆ ತಗಡಿನ ಶೆಡ್ಡು, ಅದರೊಳಗೆ ಬೋರಲು ಹಾಕಿದ ಏಳೆಂಟು ಫೈಬರ್ ದೋಣಿಗಳು. ಕೆರೆಯ ಒಂದು ಮೂಲೆಗೆ ಚರಂಡಿ ನೀರು ಬಂದು ಬೀಳುತ್ತದೆ, ಇನ್ನೊಂದು ಮೂಲೆ ಪೂರ್ತಿ ಜೊಂಡು. ರೇಸಿಗೆ ಮೊದಲು ಸದಸ್ಯರೆಲ್ಲ ಸೊಂಟಮಟ್ಟ ನೀರಿಗಿಳಿದು ಅಂತರಗಂಗೆ ಗಿಡ ಕಿತ್ತು ದಡಕ್ಕೆ ಎಸೆಯಬೇಕು. ಆ ವಾಸನೆ ಎರಡು ಸಲ ಸ್ನಾನ ಮಾಡಿದರೂ ಹೋಗುವುದಿಲ್ಲ. ನೌಕಾಪಡೆಯಿಂದ ನಿವೃತ್ತರಾದ ಒಬ್ಬರು ಇದನ್ನೆಲ್ಲ ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಕ್ಯಾಪ್ಟನ್ ಸಾರ್ ಅನ್ನುತ್ತಿದ್ದೆವು. ದೊಡ್ಡ ಮನುಷ್ಯರು ಅಷ್ಟು ದೂರ, ಅಷ್ಟು ನಾತಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಬಂದವರನ್ನೆಲ್ಲ ಅವರು ಸೇರಿಸಿಕೊಳ್ಳುತ್ತಿದ್ದರು.

ನಮ್ಮ ಮನೆಯವರು ಮೊದಲು ಹೋಗಿದ್ದು ದೋಣಿ ಎಳೆಯುವ ಟ್ರಾಲಿಗೆ ವೆಲ್ಡಿಂಗ್ ಮಾಡಲು. ಕೆಲಸ ಮುಗಿದ ಮೇಲೆ ಕ್ಯಾಪ್ಟನ್ ಸಾರ್ ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದರಂತೆ. ಮನೆಗೆ ಬಂದಾಗ ಮುಖ ಕೆಂಪಾಗಿತ್ತು, ಪ್ಯಾಂಟಿನ ತುಂಬ ಕೆಸರು. “ಎಷ್ಟು ಸ್ಪೀಡಾಗಿ ಓಡುತ್ತೆ ಗೊತ್ತಾ? ಆದ್ರೂ ಒಂಚೂರು ಸದ್ದಿಲ್ಲ ಕಣೇ” ಅಂದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಆದರೆ ನಾನು ಮುಂದಿನ ವಾರ ಹತ್ತಿ ನೋಡಿದರೆ ಹಾಯಿ ಪಟಪಟ ಬಡಿಯುತ್ತಿತ್ತು, ನೀರು ತಳಕ್ಕೆ ಹೊಡೆಯುತ್ತಿತ್ತು, ಹಗ್ಗಗಳು ಕಿರುಗುಟ್ಟುತ್ತಿದ್ದವು. ಸದ್ದಿಲ್ಲ ಅಂದರಲ್ಲ ಅಂತ ಆಗಲೇ ಅನುಮಾನ ಬಂತು.

ಅವರು ಪ್ರೆಸ್ ಸೆಟ್ಟರ್. ತಗಡಿಗೆ ಆಕಾರ ಕೊಡುವ ಡೈಯನ್ನು ಮಷೀನಿಗೆ ಕೂರಿಸುವವರು. ಕಂಪನಿ ಕಿವಿಗೆ ಪ್ಲಗ್ ಕೊಟ್ಟಿತ್ತು, ಇವರು ಹಾಕಿಕೊಳ್ಳುತ್ತಿರಲಿಲ್ಲ. ಡೈ ಸೀಳುವ ಮೊದಲು ಅದರ ಸದ್ದು ಬದಲಾಗುತ್ತದಂತೆ, ಕಿವಿ ಮುಚ್ಚಿಕೊಂಡರೆ ಅದು ತಿಳಿಯುವುದಿಲ್ಲವಂತೆ. ಡೈ ಉಳಿಸಿ ಉಳಿಸಿ ಕಿವಿ ಕಳೆದುಕೊಂಡರು. ಡಾಕ್ಟರು ನರವೇ ಸತ್ತಿದೆ, ಇನ್ನೂ ಕಮ್ಮಿ ಆಗುತ್ತಾ ಹೋಗುತ್ತದೆ ಅಂದರು. ಕಿವಿಗೆ ಹಾಕುವ ಮಷೀನು ಕೊಟ್ಟರು. ಅದು ನೀರು ತಗುಲಿದರೆ ಕೆಡುವಂಥದ್ದು, ಕೆರೆಗೆ ಹೋಗುವಾಗ ಮನೆಯಲ್ಲೇ ಇಟ್ಟು ಹೋಗಬೇಕು. ನನಗೆ ಈಗಲೂ ಆ ಡೈಗಳ ಮೇಲೆ ಸಿಟ್ಟಿದೆ.

ಕಿವಿ ಕೇಳದವನಿಗೆ ಜನ ಏನು ಮಾಡುತ್ತಾರೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲ ಸಲ “ಏನಂದ್ರಿ?” ಅಂದರೆ ಇನ್ನೊಮ್ಮೆ ಹೇಳುತ್ತಾರೆ. ಎರಡನೇ ಸಲ ಕೇಳಿದರೆ “ಏನಿಲ್ಲ ಬಿಡಿ” ಅನ್ನುತ್ತಾರೆ. ಕಂಪನಿಯಲ್ಲಿ ಬಿಡಿ ಸಾರ್, ಅಂಗಡಿಯಲ್ಲಿ ಬಿಡಿ ಅಣ್ಣ. ಎಲ್ಲರೂ ಸೇರಿ ನಗುತ್ತಿರುವಾಗ ಏನು ಅಂತ ಕೇಳಿದರೆ, ಅಯ್ಯೋ ಬಿಡಿ. ನಾನು ಮಾತ್ರ ಮನೆಯಲ್ಲಿ ಆ ಮಾತು ಆಡಿದವಳಲ್ಲ. ಕೇಳುವ ತನಕ ಹೇಳುತ್ತಿದ್ದೆ, ಬೈದುಕೊಂಡಾದರೂ ಹೇಳುತ್ತಿದ್ದೆ. ಹೊಲಿಗೆ ಮಷೀನುಗಳ ಗದ್ದಲದ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ನಾನಿರುವ ತನಕ ಇವರು ಕಿವುಡರಲ್ಲ ಅನ್ನುವ ಜಂಬ ನನಗಿತ್ತು.

ನಮ್ಮದು ಇಬ್ಬರ ದೋಣಿ. ಹಿಂದೆ ಕೂತು ಚುಕ್ಕಾಣಿಯನ್ನೂ ದೊಡ್ಡ ಹಾಯಿಯನ್ನೂ ನೋಡಿಕೊಳ್ಳುವವಳು ನಾನು. ಮುಂದೆ ಕೂತು ಚಿಕ್ಕ ಹಾಯಿಯ ಹಗ್ಗ ಹಿಡಿಯುವವರು ಅವರು. “ಮನೇಲಿ ಚುಕ್ಕಾಣಿ ಯಾರ್ ಕೈಲಿದ್ಯೋ ಇಲ್ಲೂ ಅವ್ರೇ ಇರ್ಲಿ” ಅಂತ ಅವರೇ ಹೇಳಿದ್ದು. ಮುಂದೆ ಕೂತವರ ಬೆನ್ನು ನನಗೆ ಕಾಣುತ್ತದೆ, ಅವರಿಗೆ ನಾನು ಕಾಣುವುದಿಲ್ಲ. ಹಾಗಾಗಿ ನಮ್ಮ ನಡುವೆ ಎರಡೇ ಮಾತು. ಹಾಯಿ ಬಿಗಿಯಬೇಕಾದಾಗ “ಎಳೀರಿ”, ಗಾಳಿ ಜೋರಾದಾಗ ಅಥವಾ ತಿರುಗುವಾಗ “ಬಿಡಿ”. ಶೆಡ್ಡಿನ ಮುಂದೆ ಹೂಟರ್ ಊದಿದರೆ ಶುರು, ಕಿತ್ತಳೆ ಬಣ್ಣ ಬಳಿದ ಮೂರು ಪ್ಲಾಸ್ಟಿಕ್ ಡ್ರಮ್ಮುಗಳನ್ನು ಸುತ್ತಿ ಬಂದರೆ ಮುಗಿಯಿತು. ಸಾಮಾನ್ಯವಾಗಿ ನಾವೇ ಕೊನೆಯವರು.

ಆಷಾಢದ ಗಾಳಿಯಲ್ಲಿ ನಡೆದ ಒಂದು ರೇಸಿನಲ್ಲಿ ಮಾತ್ರ ನಾವು ಮುಂದಿದ್ದೆವು. ಎರಡನೇ ಡ್ರಮ್ಮಿನ ಹತ್ತಿರ ಗಾಳಿ ಒಮ್ಮೆಲೇ ನುಗ್ಗಿತು. ನಾನು ಪ್ರಾಣ ಹೋಗುವಂತೆ “ಬಿಡಿ!” ಅಂತ ಕಿರುಚಿದೆ. ಅವರು ಅರ್ಧ ತಿರುಗಿ ನೋಡಿ, ಸರಿ ಅನ್ನುವಂತೆ ತಲೆಯಾಡಿಸಿ, ಹಗ್ಗ ಹಿಡಿದುಕೊಂಡೇ ಕೂತರು. ದೋಣಿ ಮಗುಚಿತು. ನಾನು ನೀರಿನಿಂದ ತಲೆ ಎತ್ತಿ ನೋಡಿದರೆ ಅವರು ಹಾಯಿಯ ಆ ಕಡೆ ಎದ್ದಿದ್ದರು. ಅವರ ಬೆನ್ನ ಹಿಂದಿನಿಂದಲೇ ನಮ್ಮನ್ನು ಎತ್ತಲು ಮೋಟಾರ್ ದೋಣಿ ಬರುತ್ತಿತ್ತು. ದಡದವರೆಲ್ಲ ಕೂಗಿದರು. ಅವರು ತಿರುಗಲೇ ಇಲ್ಲ. ಕೊನೆ ಗಳಿಗೆಯಲ್ಲಿ ಇವರ ತಲೆ ಕಂಡು, ಅದನ್ನು ಓಡಿಸುತ್ತಿದ್ದ ಕ್ಯಾಪ್ಟನ್ ಸಾರ್ ಎಂಜಿನ್ ಆರಿಸಿದರು. ದೋಣಿಯ ಮೂತಿ ಇವರ ಹೆಗಲು ತರಚಿಕೊಂಡು ಹೋಯಿತು.

ದಡದಲ್ಲಿ ಟವೆಲ್ ಹೊದಿಸಿ, ಮುಖದ ಎದುರಿಗೆ ನಿಂತು ಕೇಳಿದೆ. “ನಾನು ಬಿಡಿ ಅಂದಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು.”

“ಮತ್ತೆ ಹಗ್ಗ ಯಾಕ್ರೀ ಬಿಡ್ಲಿಲ್ಲ?”

“ನೀನೇನೋ ಹೇಳಿದ್ದೆ, ನಂಗೆ ಅರ್ಥ ಆಗಿಲ್ಲ, ಅದಕ್ಕೆ ಹೋಗ್ಲಿ ಬಿಡಿ ಅಂತಿದ್ದೀಯ ಅನ್ಕೊಂಡೆ. ಎಲ್ರೂ ಹಂಗೇ ತಾನೇ ಅನ್ನೋದು.”

ಊರೆಲ್ಲ ಆ ಮಾತನ್ನು ಹೇಳಿ ಹೇಳಿ ಅವರ ತಲೆಗೆ ಒಂದೇ ಅರ್ಥ ತುಂಬಿಬಿಟ್ಟಿತ್ತು. ಯಾರ ಮೇಲೆ ಜಗಳಕ್ಕೆ ಹೋಗಲಿ? ಒಬ್ಬರೋ ಇಬ್ಬರೋ ಆಗಿದ್ದರೆ ಹೋಗುತ್ತಿದ್ದೆ.

ಕ್ಯಾಪ್ಟನ್ ಸಾರ್ ಆ ದಿನವೇ ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ಇನ್ಮೇಲೆ ಅವ್ರು ರೇಸ್‌ಗೆ ಬೇಡ. ನಂಗೂ ಬೇಜಾರೇ. ಬೇಕಾದ್ರೆ ದಡದಲ್ಲಿ ಕೂತು ಹೂಟರ್ ಊದ್ಲಿ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕಿವಿ ಕೇಳದವರಿಗೆ ಹೂಟರ್ ಕೆಲಸ ಕೊಡುತ್ತಿದ್ದೇನೆ ಅಂತ ಅವರಿಗೆ ಹೊಳೆಯಲಿಲ್ಲ, ಪಾಪ. ಮನೆಗೆ ಬಂದು ಇವರಿಗೆ ವಿಷಯ ತಿಳಿಸಿದೆ. ಊಟದ ತಟ್ಟೆ ದೂರ ಸರಿಸಿದರು. “ಅಲ್ಲಿ ಒಂದ್ಕಡೆನೇ ನಾನು ಯಾರನ್ನೂ ಏನಂದ್ರಿ ಅಂತ ಕೇಳ್ಬೇಕಾಗಿರ್ಲಿಲ್ಲ. ಅದೂ ಹೋಯ್ತಾ?” ಅಂದರು. ಗಂಡಸು ಅಳುವುದನ್ನು ನೋಡುವ ಧೈರ್ಯ ನನಗಿಲ್ಲ. ಎದ್ದು ಅಡುಗೆಮನೆಗೆ ಹೋದೆ.

ಬಾಯಿ ಬೇಡ, ಕಾಲು ಸಾಕು ಅನ್ನುವ ಉಪಾಯ ನನ್ನದೇ. ಹಿಂದೆ ಕೂತ ನನ್ನ ಕಾಲು ಅವರ ಸೊಂಟಕ್ಕೆ ಮುಟ್ಟುತ್ತದೆ. ಒಂದು ಸಲ ಒತ್ತಿದರೆ ಎಳೆಯಬೇಕು, ಎರಡು ಸಲ ಒತ್ತಿದರೆ ಸಡಿಲಿಸಬೇಕು. ಉಪಾಯವೇನೋ ಹೊಳೆಯಿತು, ಕಾಲು ಮೇಲೇಳಲಿಲ್ಲ. ಯಾರಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸದಲ್ಲಿ ಬೆಳೆದವಳು ಗಂಡನನ್ನು ಒದೆಯುವುದು ಹೇಗೆ? ಮೊದಲ ದಿನ ಒತ್ತಿದಾಗಲೆಲ್ಲ ಚುಕ್ಕಾಣಿ ಬಿಟ್ಟು ಕೈ ಕಣ್ಣಿಗೆ ಹೋಗುತ್ತಿತ್ತು, ದೋಣಿ ಅಡ್ಡಾದಿಡ್ಡಿ ಓಡುತ್ತಿತ್ತು. “ಒದಿಯೇ, ಪರ್ವಾಗಿಲ್ಲ. ಇಷ್ಟು ವರ್ಷ ಬಾಯಲ್ಲೇ ಒದ್ದಿದ್ದೀಯಲ್ಲ” ಅಂತ ಅವರು ನಕ್ಕರು. ಜೊಂಡಿನ ಮೂಲೆಯಲ್ಲಿ ವಾರ ವಾರವೂ ಅಭ್ಯಾಸ ಮಾಡಿದೆವು. ಕೂಗಾಟವಿಲ್ಲದೆ ದೋಣಿ ಮೊದಲಿಗಿಂತ ಚೆನ್ನಾಗಿ ಓಡತೊಡಗಿತು. ದಿನಸಿ ಅಂಗಡಿಯಲ್ಲೂ ಅವರು ಮಾತಾಡುವಷ್ಟು ಗೆಲುವಾದರು. ಇದನ್ನು ನೋಡಿದ ಕ್ಯಾಪ್ಟನ್ ಸಾರ್ “ಒಂದ್ಸಲ ನನ್ ಮುಂದೆ ಓಡಿಸಿ ತೋರ್ಸಿ. ಸರಿಹೋದ್ರೆ ಮುಂದಿನ ರೇಸಲ್ಲಿ ಇಬ್ರೂ ಇರಿ” ಅಂದರು.

ಆ ದಿನ ಗಾಳಿ ಮೆಲ್ಲಗಿತ್ತು. ಮೂರು ಡ್ರಮ್ಮುಗಳನ್ನೂ ಒಂದು ಮಾತಿಲ್ಲದೆ ಸುತ್ತಿದೆವು. ಕ್ಯಾಪ್ಟನ್ ಸಾರ್ ಮೋಟಾರ್ ದೋಣಿಯಲ್ಲಿ ಹಿಂದೆ ಹಿಂದೆಯೇ ಬರುತ್ತಿದ್ದರು. ಇನ್ನೇನು ದಡಕ್ಕೆ ತಿರುಗಬೇಕು, ಅವರು ಹತ್ತಿರ ಬಂದು ಎಂಜಿನ್ ಆರಿಸಿದರು. “ಮೇಡಂ, ಎಲ್ಲಾ ಚೆನ್ನಾಗಿದೆ. ಆದ್ರೆ ಕಾಲು ನಿಮ್ದು. ನೀವೇ ನೀರಿಗೆ ಬಿದ್ರೆ?”

“ಕೂಗ್ತೀನಿ. ನನ್ ಕೂಗು ಕೇಳುತ್ತೆ” ಅಂದೆ.

“ಹಂಗಾದ್ರೆ ಬೀಳಿ, ನೋಡೋಣ.”

ಇಷ್ಟು ಮಾತು ನಡೆದರೂ ಮುಂದೆ ಕೂತವರು ಹಾಯಿ ನೋಡುತ್ತಲೇ ಇದ್ದರು. ಎಮ್ಮೆ ಕೆರೆಗಿಳಿಯುವ ಹಾಗೆ ನಾನು ಹಿಂಬದಿಯಿಂದ ಮೆಲ್ಲಗೆ ನೀರಿಗೆ ಜಾರಿದೆ. ದೋಣಿ ಸ್ವಲ್ಪ ತೂಗಿತು. “ಅಲ್ಲಾಡ್ಬೇಡ ಕಣೇ” ಅಂದರು, ಹಿಂದೆ ನೋಡಲಿಲ್ಲ. ನಾನು “ರೀ!” ಅಂತ ಕೂಗಿದೆ. ಇನ್ನೊಮ್ಮೆ, ಇನ್ನೂ ಜೋರಾಗಿ. ಜೊಂಡಿನೊಳಗಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಮದುವೆಯಾದಾಗಿನಿಂದ ಗಂಡನ ಹೆಸರು ಹಿಡಿದು ಕರೆದವಳಲ್ಲ ನಾನು. ಆ ದಿನ ಹೆಸರು ಹಿಡಿದು ಕೂಗಿದೆ. ಗಂಟಲು ಕಟ್ಟುವ ತನಕ ಕೂಗಿದೆ.

ದೋಣಿ ಮೆಲ್ಲಗೆ ದೂರ ಹೋಗುತ್ತಿತ್ತು. ಅವರು ಮಾತಾಡುತ್ತಿದ್ದರು. ಗಾಳಿ ಅವರ ಕಡೆಯಿಂದ ಬೀಸುತ್ತಿದ್ದರಿಂದ ಒಂದೊಂದು ಮಾತೂ ನನಗೆ ಕೇಳಿಸುತ್ತಿತ್ತು. ಮುಂದಿನ ರೇಸಿನಲ್ಲಿ ಎಡಗಡೆಯಿಂದಲೇ ಹೊರಡೋಣ, ಎರಡನೇ ಡ್ರಮ್ಮಿನಲ್ಲಿ ಹೆದರಬೇಡ, ನಾನಿದ್ದೀನಿ ಅಂತ ನನಗೆ ಧೈರ್ಯ ಹೇಳುತ್ತಿದ್ದರು.

ಕ್ಯಾಪ್ಟನ್ ಸಾರ್ ನನ್ನನ್ನು ಎತ್ತಿಕೊಂಡರು. ಮುಂದಿನಿಂದ ಹೋಗಿ ಅಂತ ಕೈಸನ್ನೆ ಮಾಡಿದೆ. ನಾವು ಸುತ್ತಿ ಎದುರಿಗೆ ಬಂದಾಗ ಅವರು ಮೊದಲು ಕ್ಯಾಪ್ಟನ್ ಸಾರ್ ಮುಖ ನೋಡಿ, ಪಾಸಾದೆವಾ ಅನ್ನುವ ಹಾಗೆ ನಕ್ಕರು. ಆಮೇಲೆ ಅವರ ಪಕ್ಕದಲ್ಲಿ ನೀರು ಸೋರುತ್ತ ಕೂತಿದ್ದ ನನ್ನನ್ನು ನೋಡಿದರು. ತಿರುಗಿ ನನ್ನ ಖಾಲಿ ಜಾಗವನ್ನು ನೋಡಿದರು. ಹಾಯಿಯ ಕಂಬದ ಹತ್ತಿರಕ್ಕೆ ಸರಿದು ತಮ್ಮ ಚಿಕ್ಕ ಹಾಯಿಯನ್ನು ತಾವೇ ಇಳಿಸಿ, ಮಡಿಸತೊಡಗಿದರು.