ಕೆಂಪು ಗುರುತಿನ ಚಿಟ್ಟೆ

ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ಮುಚ್ಚಿದರೆ ಲಕ್ಷ್ಮಿ ಹೊರಗಿಂದಲೇ ಹಿಂದಿರುಗಿ ಹೋಗುತ್ತಾಳೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಪತ್ರಿಕೆಯ ವರದಿಗಾರನಾಗಿದ್ದವನು, ಕನಿಷ್ಠ ಇಬ್ಬರಾದರೂ ಹೇಳದ ಸುದ್ದಿ ಬರೆದವನಲ್ಲ. ಆದರೂ ಎಂಬತ್ತರ ದಶಕದ ಒಂದು ಚಳಿಗಾಲದ ಸಂಜೆ ಡೊಂಬಿವಲಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ತಂಗಿ ವಸುಧಾ ಪಿಎಚ್.ಡಿ. ಮುಗಿಸಿ ಠಾಣೆಯ ಪ್ರಯೋಗಾಲಯವೊಂದರಲ್ಲಿ ಚಿಟ್ಟೆಗಳ ಸಂಶೋಧನೆ ಮಾಡುತ್ತಿದ್ದಳು. ಹುಳಗಳಿಗೆ ಭಾನುವಾರವಿಲ್ಲವೆಂದು ಪ್ರಯೋಗಾಲಯವಿದ್ದ ವಾಗ್ಳೆ ಎಸ್ಟೇಟ್ ಹತ್ತಿರವೇ ಕೋಣೆ ಹಿಡಿದಿದ್ದಳು. ಒಂದೇ ತಾಯಿಯ ಮರಿಹುಳಗಳು ಬೆಚ್ಚಗೆ ಬೆಳೆದರೆ ರೆಕ್ಕೆಯ ಮೇಲೆ ಕಣ್ಣಿನಂಥ ದೊಡ್ಡ ಚುಕ್ಕೆಗಳು. ತಂಪಿನಲ್ಲಿ ಬೆಳೆದರೆ ಬರೀ ಒಣ ಎಲೆಯ ಬಣ್ಣ. ಜೀನ್‌ಗಳು ಅವೇ, ಯಾವುದು ಯಾವಾಗ ಎಚ್ಚರವಾಗುತ್ತದೆ ಎಂಬುದೇ ಅವಳ ಪ್ರಶ್ನೆ. ಆ ಸಲ ತಂಪು ಪೆಟ್ಟಿಗೆಯಿಂದ ಒಂದೇ ಒಂದು ಹೆಣ್ಣು ಕಣ್ಣುಚುಕ್ಕೆ ಹೊತ್ತು ಹೊರಬಂದಿತ್ತು. ಅದರ ಮಕ್ಕಳೂ ಹೀಗೆಯೇ ಆಗುತ್ತವೆಯೇ ಎಂದು ನೋಡಲು ಅದರ ಮೊಟ್ಟೆ ಬೇಕಿತ್ತು. ಗುರುತಿಗೆ ಉಗುರುಬಣ್ಣ ಹಚ್ಚುವಾಗ ವಸುಧಾ ಸೀನಿದ್ದರಿಂದ ಕೆಂಪು ಬೊಟ್ಟಿಗೆ ಬಾಲ ಬಂದಿತ್ತು. ಠಾಣೆಗೆ ಹೋದಾಗ ನಾನೂ ನೋಡಿ ನಕ್ಕಿದ್ದೆ.

ಮರುದಿನ ಸಂಜೆ ಅವಳು ಅಳುತ್ತ ನಮ್ಮ ಮನೆಗೆ ಬಂದಳು. ಪಂಜರ ತೊಳೆಯುವಾಗ ಚಿಟ್ಟೆ ಕಿಟಕಿಯಿಂದ ಹಾರಿಹೋಗಿತ್ತು.

"ಇಷ್ಟು ದಿನದ ಕೆಲಸಾ ನೀರಾಗ ಹೋತಣ್ಣಾ."

ಚಹಾ ಕುಡಿಸಿ ಸಮಾಧಾನ ಮಾಡಿ, ಸೊಳ್ಳೆಗೆಂದು ಬಾಗಿಲು ಮುಚ್ಚಲು ಎದ್ದೆ. ದೀಪ ಹಚ್ಚುತ್ತಿದ್ದ ಅವ್ವ ಕೂಗಿದಳು: "ಈ ಹೊತ್ತಿನಾಗ ಬಾಗಲಾ ಹಾಕಬ್ಯಾಡೋ!"

"ಮಚ್ಛರ್ ಬರ್ತಾವವ್ವಾ."

"ಬರ್ಲಿ. ಮಚ್ಛರ್ ಹಿಂದ ಲಕ್ಷ್ಮೀನೂ ಬರ್ತಾಳ."

ವಸುಧಾ ಅಳುವಿನಲ್ಲೂ ನಕ್ಕಳು. ಬಾಗಿಲ ಹಿಡಿ ಇನ್ನೂ ನನ್ನ ಕೈಯಲ್ಲಿತ್ತು. ಹೊರಗಿನ ಮೆಟ್ಟಿಲ ಕಡೆಯಿಂದ ಕಂದು ಚಿಟ್ಟೆಯೊಂದು ನನ್ನ ಭುಜದ ಪಕ್ಕದಲ್ಲೇ ಒಳಗೆ ಬಂದು, ದೀಪದ ಹಿಂದಿನ ಗೋಡೆಗೆ ಕೂತಿತು. ರೆಕ್ಕೆಯಲ್ಲಿ ಕಣ್ಣುಚುಕ್ಕೆ, ಅದರ ಪಕ್ಕ ಬಾಲವಿದ್ದ ಕೆಂಪು ಬೊಟ್ಟು.

ವಸುಧಾ ಮೆಲ್ಲಗೆ ಬೋಗುಣಿ ಕವುಚಿ ಹಿಡಿದಳು. "ಅಣ್ಣಾ, ಇದು ನಂದ ಸೀನು!"

"ಈಗ ಹಾಕೋ ಬಾಗಲಾ," ಎಂದಳು ಅವ್ವ.

ಈ ಜಾತಿ ಮುಸ್ಸಂಜೆಗೆ ಹಾರುತ್ತದೆ, ಬೆಳಕಿಗೆ ಬರುತ್ತದೆ, ಅದು ಸರಿ. ಆದರೆ ಠಾಣೆಯಿಂದ ಡೊಂಬಿವಲಿಗೆ ಲೋಕಲ್ ರೈಲಿನಲ್ಲಿ ಬರುವವರಿಗೇ ಸಾಕುಸಾಕಾಗುತ್ತದೆ. ಅವಳ ಚೀಲಕ್ಕೆ ಅಂಟಿಕೊಂಡು ಬಂತೆನ್ನೋಣವೆಂದರೆ, ಚೀಲ ಒಳಗಿತ್ತು, ಚಿಟ್ಟೆ ಬಂದದ್ದು ಹೊರಗಿನಿಂದ. ಬೇರಾವ ಚಿಟ್ಟೆಗೂ ಅವಳು ಬಣ್ಣ ಹಚ್ಚಿರಲಿಲ್ಲ.

ಅದು ಮೊಟ್ಟೆ ಇಟ್ಟಿತು. ತಂಪಿನಲ್ಲಿ ಬೆಳೆದ ಮಕ್ಕಳೆಲ್ಲ ಒಣ ಎಲೆಯ ಬಣ್ಣದಲ್ಲೇ ಹೊರಬಂದವು. "ತಾಯಿ ಒಬ್ಬಾಕಿನ ಹಟಮಾರಿ," ಎಂದು ವಸುಧಾ ನಕ್ಕಳು. ಅವಳಿಗೆ ಅವಳ ಉತ್ತರ ಸಿಕ್ಕಿತ್ತು.

ನನಗೆ ಇಂದಿಗೂ ಸಿಕ್ಕಿಲ್ಲ. ಅವ್ವ ಈಗಿಲ್ಲ. ದೀಪದ ಹೊತ್ತಿಗೆ ಬಾಗಿಲು ತೆರೆದಿಡುವವನು ನಾನೇ. ಮಚ್ಛರ್ ಮಾತ್ರ ತಪ್ಪದೆ ಬರುತ್ತವೆ.